ಹಿಂದೆ ಹಾರುವವರ ಎಂಜಿನ್

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಜನ ನಗುತ್ತಾರೆ. ನನ್ನ ಹೊಟ್ಟೆಪಾಡೇ ಅದು. ಬೆಳಗಾವಿಯ ಸಣ್ಣ ವಿನ್ಯಾಸ ಕಚೇರಿಯಲ್ಲಿ ಕೂತು, ಇನ್ನೂ ಕಾಗದದ ಮೇಲಿರುವ ಯುದ್ಧವಿಮಾನದ ಎಂಜಿನ್ನನ್ನು ಮುಂದೆ ಪೈಲಟ್‌ಗಳು ಹೇಗೆ ಬಳಸಿಯಾರು ಎಂದು ಅಂದಾಜು ಮಾಡುವುದು. ಎಷ್ಟು ತಾಸು ಹಾರಿಸಿದರು ಎನ್ನುವುದಕ್ಕಿಂತ, ಎಂಜಿನ್ನಿನ ವೇಗವನ್ನು ಎಷ್ಟು ಸಲ ಏರಿಸಿ ಇಳಿಸಿದರು ಎನ್ನುವುದೇ ಒಳಗೆ ತಿರುಗುವ ಚಕ್ರವನ್ನು ದಣಿಸುತ್ತದೆ. ದಣಿದ ಲೋಹ ಬಿರುಕು ಬಿಡುತ್ತದೆ. ಚಕ್ರ ಎಷ್ಟು ದಪ್ಪವಿರಬೇಕು ಎಂಬುದು ನಮ್ಮ ಅಂದಾಜಿನ ಮೇಲೆ ನಿಂತಿದೆ.

ನನ್ನ ಮಗಳು ಯುದ್ಧವಿಮಾನದ ಪೈಲಟ್ ಆಗಲು ತರಬೇತಿಯಲ್ಲಿದ್ದಾಳೆ. ರಜೆಗೆ ಖಾಸಬಾಗದ ಮನೆಗೆ ಬಂದಾಗ, ಖಾನಾಪುರದಲ್ಲಿ ನೆಂಟರ ವಾಸ್ತುಶಾಂತಿಗೆ ಹೊರಟೆವು. ದಾರಿ ಬಲ್ಲ ನನ್ನ ತಮ್ಮನ ಕಾರು ಮುಂದೆ, ಮಗಳು ನಡೆಸುತ್ತಿದ್ದ ನಮ್ಮ ಕಾರು ಹಿಂದೆ. ಅವನು ತನ್ನ ಪಾಡಿಗೆ ತಾನು ಹೋಗುತ್ತಿದ್ದ. ಇವಳ ಕಾಲಿಗೆ ಮಾತ್ರ ಬಿಡುವಿಲ್ಲ. ಅವನು ತುಸು ದೂರವಾದರೆ ಒತ್ತು, ಹತ್ತಿರವಾದರೆ ಬಿಡು. ಕೂತಲ್ಲೇ ಹಿಂದೆ ಮುಂದೆ ಓಲಾಡಿ ನನಗೆ ಸಿಟ್ಟೇ ಬಂತು.

"ಸಾವಕಾಶ ಹೊಡಿಯಾಕ ಬರಂಗಿಲ್ಲೇನ?" ಎಂದೆ.

"ಮುಂದಿನ ಗಾಡಿ ತಪ್ಪಬಾರದಲ್ಲಪ್ಪಾ. ಮ್ಯಾಲೂ ಹಿಂಗ ಐತಿ. ಗುಂಪಿನಾಗ ಹಾರುವಾಗ ಮುಂದಿನವ ಆರಾಮ ಇರ್ತಾನ. ವೇಗ ಏರಸೂದು, ಇಳಸೂದು, ಹಿಂದಿನವರ ಕೈ ಒಂದ ಗಳಿಗಿ ಸುಮ್ಮನಿರಂಗಿಲ್ಲ."

ನನಗೆ ಕಚೇರಿಯ ಲೆಕ್ಕ ನೆನಪಾಯಿತು. ನಮ್ಮ ಅಂದಾಜಿಗೆ ಆಧಾರವೆಂದರೆ ಹಳೆಯ ವಿಮಾನಗಳ ಹಾರಾಟದ ದಾಖಲೆ. ದಾಖಲಿಸುವ ಯಂತ್ರ ಇದ್ದದ್ದು ಗುಂಪಿನ ಮುಂದಾಳಿನ ವಿಮಾನದಲ್ಲಿ ಮಾತ್ರ. ಒಟ್ಟಿಗೇ ಹೋಗಿ ಒಟ್ಟಿಗೇ ಬರುತ್ತವಲ್ಲ, ಉಳಿದವೂ ಹಾಗೇ ಎಂದು ನಾವೆಲ್ಲ ನಂಬಿದ್ದೆವು. ವಾಸ್ತುಶಾಂತಿಯ ಊಟಕ್ಕೆ ಕೂತಾಗಲೂ ಅದೇ ಯೋಚನೆ: ಹಿಂದೆ ಹಾರುವವರ ಚಕ್ರ ನಮ್ಮ ಅಂದಾಜಿಗಿಂತ ಎಷ್ಟೋ ಬೇಗ ಬಿರುಕು ಬಿಡುತ್ತದೆ.

ಸೋಮವಾರ ಮೇಲಧಿಕಾರಿಗೆ ಎಲ್ಲ ಹೇಳಿ, ಚಕ್ರ ಇನ್ನೂ ದಪ್ಪವಾಗಲೇಬೇಕು ಎಂದೆ.

"ತೂಕ ಆಗಲೇ ನಿಕ್ಕಿ ಆಗೇತ್ರಿ. ಎಂಜಿನ್ನ ಇನ್ನೂ ಹುಟ್ಟಿಲ್ಲ, ನೀವು ಈಗಲೇ ಅಳಾಕ ಹತ್ತೀರಿ," ಎಂದರು.

ಹುಟ್ಟಿಲ್ಲವೆಂದೇ ಅಳುತ್ತಿದ್ದೇನಲ್ಲ ಮಾರಾಯರೇ! ಹುಟ್ಟಿದ ಮೇಲೆ ಅತ್ತು ಏನು ಬಂತು? ಕೂಗಾಡಿದೆ, ಕೈ ಮುಗಿದೆ, ಮೇಲಿನವರಿಗೂ ಬರೆದೆ. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ರಕ್ಷಣೆಯ ಕೆಲಸವಾದ್ದರಿಂದ ಮನೆಯಲ್ಲಿ ಬಾಯಿ ಬಿಡುವಂತೆಯೂ ಇರಲಿಲ್ಲ. ಒಳಗೊಳಗೇ ಬೆಂದುಹೋದೆ.

ಹೊರಡುವ ದಿನ ಮಗಳು ರೊಟ್ಟಿ ಮುರಿಯುತ್ತ ಹೇಳಿದಳು: "ಅಪ್ಪಾ, ನಿಮ್ಮ ಎಂಜಿನ್ ಬರಲಿ, ನಾನ ಹಾರಸ್ತೀನಿ."

"ಹಾರಸಿದರ ಮುಂದ ಹಾರವ್ವಾ," ಎಂದೆ.

ಅವಳು ನಕ್ಕಳು. "ಮುಂದ ಒಬ್ಬರ ಇರ್ತಾರಪ್ಪಾ. ಉಳಿದವರೆಲ್ಲಾ ಹಿಂದ."