ಮೂರು ಸಾವಿರ ವರ್ಷದ ಹುಳದ ಮೊಟ್ಟೆ

ಕೊಲ್ಲಿ ದೇಶದ ಅಬು ಹಲೀಫಾದಲ್ಲಿ ನಮ್ಮ ಎದುರು ಮನೆಯ ವೈಲೆಟ್ ಇಪ್ಪತ್ತೆರಡು ವರ್ಷ ಮಾಡಿದ ಕೆಲಸ ಒಂದೇ. ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು ಜನರ ಮಲಮೂತ್ರದಲ್ಲಿ ಹುಳದ ಮೊಟ್ಟೆ ಹುಡುಕುವುದು. ಹತ್ತಿರದ ಫಿಂಟಾಸಿನ ಒಂದು ಸಣ್ಣ ಲ್ಯಾಬು ಅದು. ಹೋಟೆಲಿನ ಅಡುಗೆಯವರು, ಡ್ರೈವರುಗಳು, ಈಜಿಪ್ಟಿನ ಗಾರೆ ಕೆಲಸದವರು ಡಬ್ಬಿ ಹಿಡಿದು ಬರುತ್ತಿದ್ದರು. ಒಂದೊಂದು ಗಾಜಿನ ಪಟ್ಟಿಯನ್ನೂ ಜಪಸರದ ಹತ್ತು ಮಣಿ ಮುಗಿಯುವಷ್ಟು ಹೊತ್ತು ನೋಡದೆ ಅವಳು ಬಿಡುತ್ತಿರಲಿಲ್ಲ. ಸಂಜೆ ನಮ್ಮಲ್ಲಿ ಚಾ ಕುಡಿಯುತ್ತ ಎಲ್ಲ ಹೇಳುತ್ತಿದ್ದಳು.

2001ರಲ್ಲಿ ಆ ಲ್ಯಾಬಿಗೆ ಲೊರೈನ್ ಬಂದಳು. ಇಪ್ಪತ್ತನಾಲ್ಕು ವರ್ಷ, ಡಿಗ್ರಿ, ಪಟಪಟ ಇಂಗ್ಲಿಷ್. ವೈಲೆಟ್ ಕಲಿತದ್ದು ಒಂದು ವರ್ಷದ ಕೋರ್ಸು ಮಾತ್ರ. ಅದೇ ವರ್ಷ ಲ್ಯಾಬಿನ ಡಾಕ್ಟರು ಅಲೋಶಿಯಸ್ ಅವರಿಗೆ, ಪರದೇಶದ ಮ್ಯೂಸಿಯಂನಲ್ಲಿದ್ದ ಗೆಳೆಯರೊಬ್ಬರು ಈಜಿಪ್ಟಿನ ಮಮ್ಮಿಯ ಮೂತ್ರಕೋಶದ ಚೂರೊಂದನ್ನು ಕಳಿಸಿದರು. ಮೂರು ಸಾವಿರ ವರ್ಷ ಬಟ್ಟೆಯೊಳಗಿದ್ದ ಹೆಣ. ಚೂರು ಒಣಗಿದ ಹುಣಿಸೆ ಸಿಪ್ಪೆಯ ಹಾಗಿತ್ತಂತೆ. ನದಿಯ ನೀರಿಗೆ ಇಳಿದವರಿಗೆ ರಕ್ತಮೂತ್ರ ತರಿಸುವ ಹುಳ ಆ ಕಾಲದವನಿಗೂ ಹತ್ತಿತ್ತೇ ಎಂದು ನೋಡಬೇಕಿತ್ತು. ಮೊಟ್ಟೆ ಸಿಕ್ಕರೆ, ಹುಡುಕಿದವರ ಹೆಸರು ಡಾಕ್ಟರುಗಳ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಕೆಲಸ ಸಿಕ್ಕಿದ್ದು ಲೊರೈನಳಿಗೆ.

"ಆ ಮೊಟ್ಟೆ ನಾನು ಎಷ್ಟು ನೋಡಿದ್ದೇನೆ ಗೊತ್ತುಂಟಾ ಉಮಕ್ಕ? ತುದಿಯಲ್ಲಿ ಒಂದು ಮುಳ್ಳು. ಅವಳು ಬುಕ್ಕಲ್ಲಿ ನೋಡಿದ್ದು, ಅಷ್ಟೆ," ಎಂದು ವೈಲೆಟ್ ನನ್ನ ಹತ್ತಿರ ಹೇಳಿದಳು.

"ಚಾ ಆರ್ತದೆ, ಕುಡಿ ಮಾರಾಯ್ತಿ."

"ನಂಗೆ ಹೊಟ್ಟೆಕಿಚ್ಚು ಅಂತ ಹೇಳ್ತೀರಿ ನೀವು."

"ನಾನೆಲ್ಲಿ ಹೇಳಿದೆ?"

"ಹೇಳಿ, ಹೇಳಿ. ಉಂಟು."

ಲೊರೈನ್ ಅರ್ಧ ಚೂರನ್ನು ಔಷಧಿ ನೀರಿನಲ್ಲಿ ನೆನೆಹಾಕಿದಳು. ನೀರು ಹಾಲಿಲ್ಲದ ಕಣ್ಣಂಚಾದ ಬಣ್ಣಕ್ಕೆ ತಿರುಗಿತು. ವೈಲೆಟ್ ಆ ಗ್ಲಾಸಿನ ಎದುರು ಮುಖ ತಿರುಗಿಸಿಕೊಂಡೇ ಓಡಾಡಿದಳು. ನಾಲ್ಕನೆಯ ಬೆಳಿಗ್ಗೆ "ಸಿಕ್ಕಿತು!" ಎಂಬ ಕೂಗು. ಡಾಕ್ಟರು ಬಗ್ಗಿ ನೋಡಿದರು, ಲೊರೈನಳ ಬೆನ್ನು ತಟ್ಟಿದರು, ಕೇಕ್ ತರಿಸಿದರು.

ಎಲ್ಲರೂ ಮುಂದಿನ ಕೋಣೆಗೆ ಹೋದಾಗ ವೈಲೆಟ್ ಒಬ್ಬಳೇ ಸೂಕ್ಷ್ಮದರ್ಶಕದ ಮುಂದೆ ಕುಳಿತಳು. ಮುಳ್ಳಿತ್ತು, ಸರಿ. ಏಳನೆಯ ಮಣಿಯ ಹೊತ್ತಿಗೆ ಮೊಟ್ಟೆಯೊಳಗೆ ಏನೋ ಮಿಡುಕಿತು. ಮರಿಗೆ ಜೀವವಿತ್ತು!

ಮೂರು ಸಾವಿರ ವರ್ಷದ ಹೆಣದಲ್ಲಿ ಜೀವಂತ ಮರಿ ಎಲ್ಲಿಂದ ಬರಬೇಕು? ಮೇಜಿನ ಮೇಲೆ ಇದ್ದದ್ದು ಒಂದೇ ಡ್ರಾಪರು, ನೋಡಿದ ಕೂಡಲೇ ಗೊತ್ತಾಯಿತು. ಬೆಳಿಗ್ಗೆ ಈಜಿಪ್ಟಿನ ಮೇಸ್ತ್ರಿಯೊಬ್ಬನ ಮೂತ್ರಕ್ಕೆ ಹಾಕಿದ ಡ್ರಾಪರನ್ನೇ ಲೊರೈನ್ ಅವಸರದಲ್ಲಿ ಮಮ್ಮಿಯ ನೀರಿಗೂ ಅದ್ದಿದ್ದಳು.

"ಸುಮ್ಮನಿದ್ರೆ ಸಾಕಿತ್ತು ಉಮಕ್ಕ. ಕಾಗದ ಮ್ಯೂಸಿಯಂಗೆ ಹೋದ್ಮೇಲೆ ಅಲ್ಲಿಯವರೇ ತಪ್ಪು ಹಿಡಿದು ಅವಳ ಮರ್ಯಾದೆ ತೆಗೀತಿದ್ರು."

"ಮತ್ತೆ ಹೇಳಿದ್ದು ಯಾಕೆ?" ಎಂದು ಸಂಜೆ ಚಾ ಹೊತ್ತಿಗೆ ಕೇಳಿದೆ.

"ತಪ್ಪು ಹಿಡಿದದ್ದು ನಾನು ಅಂತ ಆಗ ಯಾರಿಗೆ ಗೊತ್ತಾಗ್ತದೆ?"

ಕೇಕಿನ ಎದುರೇ ಹೇಳಿದಳಂತೆ. ಲೊರೈನ್ ಕೆಂಪಾದಳು. "ಆಂಟಿ, ಯು ಆರ್ ಜಸ್ಟ್ ಜೆಲಸ್!"

"ಹೌದು, ಜೆಲಸೇ. ಆದ್ರೆ ಮರಿ ಅಲ್ಲಾಡ್ತಾ ಉಂಟು. ಬಂದು ನೋಡು."

ಡಾಕ್ಟರು ಈ ಸಲ ಬಹಳ ಹೊತ್ತು ನೋಡಿದರು. ಕೇಕ್ ಹಾಗೇ ಉಳಿಯಿತು. ಲೊರೈನ್ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತಳು. ಶೀಶೆಯಲ್ಲಿ ಒಣಗಿದ್ದ ಉಳಿದರ್ಧ ಚೂರು ವೈಲೆಟಳ ಕೈಗೆ ಬಂತು.

ಹೊಸ ಗ್ಲಾಸು, ಹೊಸ ಡ್ರಾಪರು, ಒಂಬತ್ತು ದಿನ. ಕೊನೆಗೆ ಸಿಕ್ಕಿದ್ದು ಕಂದು ಬಣ್ಣದ, ಒಂದು ಬದಿ ನೆಗ್ಗಿದ ಮೊಟ್ಟೆ. ಒಳಗೆ ಅಲುಗಾಟವಿಲ್ಲ, ತುದಿಯಲ್ಲಿ ಮುಳ್ಳು. ಡಾಕ್ಟರನ್ನು ಕರೆಯುವ ಮೊದಲು ವೈಲೆಟ್ ಲೊರೈನಳನ್ನು ಕರೆದಳು.

"ಪಾಪ ಅನ್ನಿಸಿತಾ ನಿಂಗೆ?" ಎಂದು ಕೇಳಿದೆ.

"ಎಂಥ ಪಾಪ! ನಾನು ಉರಿದ ಹಾಗೆ ಅವಳೂ ಒಂದು ದಿನ ಉರೀಲಿ ಅಂತ ಕರೆದದ್ದು."

ಲೊರೈನ್ ಕಣ್ಣಿಟ್ಟವಳು ಎದ್ದೇಳಲಿಲ್ಲ. ಕಣ್ಣು ತೆಗೆಯದೆಯೇ, "ಆಂಟಿ, ಅಷ್ಟು ವರ್ಷ ಆದ್ರೂ ಮುಳ್ಳು ಮುರೀಲಿಲ್ಲ ನೋಡಿ! ಹೇಗೆ ಹುಡುಕಿದ್ರಿ? ನಂಗೂ ಕಲಿಸ್ತೀರಾ?" ಎಂದಳು.

ಮುಂದಿನ ವರ್ಷ ಪತ್ರಿಕೆಯಲ್ಲಿ ಡಾಕ್ಟರ ಹೆಸರಿನ ಪಕ್ಕ ವೈಲೆಟಳ ಹೆಸರು ಅಚ್ಚಾಗಿ ಬಂತು. ತಂದು ತೋರಿಸಿದಳು. ನಾನು ಆ ಅಕ್ಷರಗಳ ಮೇಲೆ ಬೆರಳಿಟ್ಟು ಸಂತೋಷಪಟ್ಟೆ. ಅವಳ ಮುಖ ಮಾತ್ರ ಬಿಗಿದೇ ಇತ್ತು.

"ಅವಳಿಗೆ ಹೊಟ್ಟೆಕಿಚ್ಚೇ ಆಗ್ಲಿಲ್ಲ ಉಮಕ್ಕ," ಎಂದಳು. "ಅದು ಹೇಗೆ ಆಗ್ಲಿಲ್ಲ ಅವಳಿಗೆ?"