ಜಗಲಿಗೆ ಗೋಡೆ ಬರಲಿದ್ದ ವರ್ಷ

ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ನಾನು ಅಣಕಿಸದೆ ಬಿಟ್ಟ ಗಂಟಲು ಇರಲಿಲ್ಲ. ಮೊಸರು ಮಾರುವವಳ ಕೂಗು, ಜಟಕಾ ಸಾಹೇಬರ ಕೆಮ್ಮು, ಮೇಷ್ಟರಾಗಿದ್ದ ನಮ್ಮಪ್ಪ ಸಿಟ್ಟು ಬಂದರೆ ಇಂಗ್ಲಿಷಿಗೆ ಹಾರುವ ರೀತಿ, ಎಲ್ಲವೂ ನನ್ನ ನಾಲಗೆಯ ಮೇಲಿದ್ದವು. ಇಂಟರ್‌ಮೀಡಿಯೆಟ್‌ನಲ್ಲಿ ನಪಾಸಾದ ಸುದ್ದಿಯನ್ನು ಪ್ರಿನ್ಸಿಪಾಲರ ದನಿಯಲ್ಲೇ ಹೇಳಿ ಅಮ್ಮನನ್ನು ನಗಿಸಿ, ಅಪ್ಪನಿಂದ ಏಟು ತಿಂದವನು ನಾನು. ನನ್ನ ಸ್ವಂತ ದನಿ ಹೇಗಿತ್ತೆಂದು ಮಾತ್ರ ಕೇಳಬೇಡಿ. ಅದನ್ನು ಕೇಳಿದವರೇ ಕಡಿಮೆ, ಕೇಳಿದವರಿಗೂ ನೆನಪಿಲ್ಲ.

ನನ್ನ ರಂಗಸ್ಥಳ ಎದುರುಗಡೆಯ ಜಗಲಿ. ಅಲ್ಲಿ ನಡುಗೋಡೆ ಹಂಚಿಕೊಂಡ ಎರಡು ಹೆಂಚಿನ ಮನೆಗಳಿದ್ದವು. ಎರಡಕ್ಕೂ ಸೇರಿ ಉದ್ದಕ್ಕೆ ಒಂದೇ ಜಗಲಿ. ಒಂದು ಮನೆ, ಮಾಮೂಲ್‌ಪೇಟೆಯಲ್ಲಿ ಹಗ್ಗ, ಗೋಣಿಚೀಲದ ಅಂಗಡಿ ಇಟ್ಟಿದ್ದ ಯಜಮಾನರದು. ಹಣೆ ತುಂಬ ವಿಭೂತಿ, ಎದೆಯ ಮೇಲೆ ಬೆಳ್ಳಿಯ ಲಿಂಗದ ಕರಡಿಗೆ. ಇನ್ನೊಂದು, ಕನಕಪುರದ ಕಡೆಯ ಹಳ್ಳಿಯಿಂದ ಬಂದು, ಕಂದಾಯ ಇಲಾಖೆಯಲ್ಲಿ ದುಡಿದು ನಿವೃತ್ತರಾಗಿದ್ದ ಗೌಡರದು. ಅವರ ಹೆಗಲ ಮೇಲೊಂದು ಟವಲು ಸದಾ ಇರುತ್ತಿತ್ತು. ಮಾತಿಗೆ ಮುಂಚೆ ಅದನ್ನು ಒಮ್ಮೆ ಕೊಡವುತ್ತಿದ್ದರು, ಮಾತಿನ ಮೇಲೆ ಧೂಳು ಕೂತಿದೆಯೋ ಎನ್ನುವಂತೆ.

ಇಬ್ಬರಿಗೂ ಸೇರಿ ಒಂದೇ ಪತ್ರಿಕೆ. ಸಂಜೆ ಗೌಡರು ಗಟ್ಟಿಯಾಗಿ ಓದುವುದು, ಯಜಮಾನರು ಪ್ರತಿ ಸಾಲಿಗೂ ತಕರಾರು ತೆಗೆಯುವುದು. ಗೌಡರ ಮನೆಯ ಒಲೆಯ ಮೇಲೆ ಬೆಂದದ್ದನ್ನು ಯಜಮಾನರು ಮುಟ್ಟುತ್ತಿರಲಿಲ್ಲ. ಅದಕ್ಕೆ ಗೌಡರು ಕಡಲೆಕಾಯಿ, ಬಾಳೆಹಣ್ಣು, ಸೀತಾಫಲ, ಹೀಗೆ ಸಿಪ್ಪೆಯ ಸಮೇತ ಇರುವುದನ್ನೇ ತರಿಸಿ ನಡುವೆ ಇಡುತ್ತಿದ್ದರು. ಯಾರೂ ಯಾರಿಗೂ ವಿವರಣೆ ಕೊಡಬೇಕಾಗಿರಲಿಲ್ಲ. ಸಿಪ್ಪೆ ಗುಡ್ಡೆಯಾಗುವ ಹೊತ್ತಿಗೆ ನನ್ನನ್ನು ಕರೆಯುತ್ತಿದ್ದರು: "ಬಾರೋ ಮಂಗ, ಇವತ್ತು ಯಾರನ್ನ ಹಿಡ್ಕೊಂಡ್ ಬಂದಿದೀಯ?" ಆ ಜಗಲಿಯ ತಣ್ಣನೆಯ ಗಾರೆ ಈಗಲೂ ನನ್ನ ಅಂಗಾಲಿಗೆ ಗೊತ್ತು.

ಐವತ್ತರ ದಶಕ ಮೊದಲಾಗಿ ಸ್ವಲ್ಪ ಕಾಲಕ್ಕೆ, ಕನ್ನಡ ಮಾತಾಡುವ ಸೀಮೆಗಳೆಲ್ಲ ಒಂದೇ ರಾಜ್ಯವಾಗಬೇಕೆಂಬ ಮಾತು ಜೋರಾಯಿತು. ಯಜಮಾನರು ಆಗಲೇಬೇಕು ಎಂದರು. ಗೌಡರು ನಮ್ಮ ಮೈಸೂರು ಇದ್ದ ಹಾಗೇ ಇರಲಿ ಎಂದರು. ಊರಲ್ಲೆಲ್ಲ ಇದೇ ಜಗಳ. ಅದರೊಳಗೆ ಇನ್ನೊಂದು ಮುಳ್ಳಿತ್ತು: ಒಂದಾದರೆ ಯಾರ ಜಾತಿಯವರು ಹೆಚ್ಚಾಗುತ್ತಾರೆ, ಯಾರು ಕಡಿಮೆಯಾಗುತ್ತಾರೆ? ಅದನ್ನು ಎಲ್ಲರೂ ಯೋಚಿಸುತ್ತಿದ್ದರು, ಜಗಲಿಯ ಮೇಲೆ ಮಾತ್ರ ಯಾರೂ ಬಾಯಿ ಬಿಡುತ್ತಿರಲಿಲ್ಲ. ಒಂದು ಸಂಜೆ ಗೌಡರು ಬಿಟ್ಟರು.

"ಕನ್ನಡಕ್ಕಲ್ಲ ಯಜಮಾನ್ರೇ, ನಿಮ್ಮೋರ ತಲೆ ಎಣಿಕೆ ಜಾಸ್ತಿ ಆಗ್ಲಿ ಅಂತ ನಿಮ್ಮ ಆಸೆ."

ಯಜಮಾನರು ಎದ್ದು ನಿಂತರು. "ಪೇಟೆಗೆ ಬಂದು ಇಷ್ಟು ವರ್ಷ ಆಯ್ತು ಗೌಡ್ರೇ. ಬದು ಒತ್ತಿಕೊಳ್ತಾರೆ ಅಂತ ಕಾಯ್ಕೊಂಡು ಕೂರೋ ಬುದ್ಧಿ ಬಿಡ್ಲಿಲ್ಲ ನೀವು."

ಮರುದಿನ ಯಜಮಾನರ ಬಾಗಿಲಿಗೆ ಇಟ್ಟಿಗೆಯ ಗಾಡಿ ಬಂತು. ಜಗಲಿಯ ನಡುವೆ ಆಳೆತ್ತರದ ಗೋಡೆ ಕಟ್ಟಿಸುತ್ತಾರಂತೆ. ಗೌಡರು ತಾವೂ ಬೇರೆ ಪತ್ರಿಕೆ ತರಿಸತೊಡಗಿ, ಬಾಗಿಲು ಮುಂದೆ ಮಾಡಿಕೊಂಡು ಒಳಗೇ ಓದಿದರು. ನಮ್ಮ ಬೀದಿಯ ಸಂಜೆ ಎರಡು ತುಂಡಾಯಿತು. ನನ್ನ ಕಷ್ಟ ಇನ್ನೂ ಘೋರ: ಪ್ರೇಕ್ಷಕರಿಲ್ಲದ ಅಣಕದವನನ್ನು ಜನ ಹುಚ್ಚ ಅನ್ನುತ್ತಾರೆ.

ಗಾರೆಯವನು ಬರುವುದಕ್ಕೆ ಮುಂಚೆ ಯಜಮಾನರು ನನ್ನನ್ನು ಒಳಗೆ ಕರೆದರು. "ಆ ಗೌಡನ ಥರ ಮಾತಾಡೋ, ನೋಡೋಣ."

ನಗಬೇಕೆಂಬ ಆಸೆ ಅವರಿಗೆ, ನಗಿಸಬೇಕೆಂಬ ಚಪಲ ನನಗೆ. ನಾನು ಹೆಗಲ ಮೇಲಿಲ್ಲದ ಟವಲು ಕೊಡವಿ ಗುರುಗುಟ್ಟಿದೆ: "ನಮ್ಮ ದುಡ್ಡು, ನಮ್ಮ ಕರೆಂಟು, ನಮ್ಮ ಕಟ್ಟೆ ನೀರು, ಯಾರಿಗೂ ಒಂದು ತೊಟ್ಟೂ ಕೊಡಾಕಿಲ್ಲ!" ಮನೆಮಂದಿ ಬಿದ್ದು ಬಿದ್ದು ನಕ್ಕರು. ಯಜಮಾನರು ನಗಲಿಲ್ಲ.

"ಥೂ, ಆಯಪ್ಪ ಹಂಗೆ ಮಾತಾಡಲ್ಲ ಕಣೋ."

"ಟವಲು ಸರಿಯಾಗೇ ಕೊಡವಿದ್ನಲ್ಲ, ಯಜಮಾನ್ರೇ?"

"ಟವಲಿನ ಮಾತಲ್ಲ. ದುಡ್ಡಿನ ಚಿಂತೆ ಅಲ್ಲ ಆಯಪ್ಪಂಗೆ. ಅವರೂರಿನ ಹುಡುಗ್ರು ಈಗ್ತಾನೆ ಹಾಸ್ಟೆಲ್ ಸೇರಿ ಓದ್ತಾವೆ. ತಲೆತಲಾಂತರದಿಂದ ನೇಗಿಲು ಬಿಟ್ಟು ಬೇರೆ ಏನೂ ಹಿಡಿದಿಲ್ಲ. ದೊಡ್ಡ ರಾಜ್ಯ ಆದ್ರೆ ನಮ್ಮೋರೆಲ್ಲ ಮುಂದೆ ನುಗ್ಗಿ ಆ ಮಕ್ಕಳನ್ನ ಮತ್ತೆ ಸಾಲಿನ ಕೊನೇಗೆ ತಳ್ತಾರೆ ಅಂತ ಅವನ ಭಯ. ಮಾಡೋದಾದ್ರೆ ಅದನ್ನ ಮಾಡು. ಹುಡುಗ್ರು ಅನ್ನೋವಾಗ ದನಿ ಸ್ವಲ್ಪ ಇಳೀತದೆ ಅವನಿಗೆ."

ನಾನು ಮತ್ತೆ ಮಾಡಿದೆ. ದನಿ ಇಳಿಸಿದೆ. ಈ ಸಲ ಯಾರೂ ನಗಲಿಲ್ಲ. ಯಜಮಾನರು ಕರಡಿಗೆಯನ್ನು ಮುಟ್ಟಿಕೊಂಡು ಕಿಟಕಿಯ ಕಡೆ ನೋಡುತ್ತ ಕೂತರು. ಅಷ್ಟು ವರ್ಷ ಗೌಡರನ್ನು ಅಣಕಿಸಿದ್ದ ನನಗೆ ಅವರ ಕೆಮ್ಮು ಗೊತ್ತಿತ್ತು, ಭಯ ಗೊತ್ತಿರಲಿಲ್ಲ.

ಹಂಚಿಕೊಂಡ ಗೋಡೆ, ಮಾತಲ್ಲದಿದ್ದರೂ ನಗು ಕೇಳಿಸದೆ ಇರುತ್ತದೆಯೇ? ನಾನು ಹೊರಗೆ ಬಂದದ್ದೇ ತಡ, ಗೌಡರು ಕೈಸನ್ನೆ ಮಾಡಿದರು.

"ಏನ್ಲಾ, ನನ್ನ ಆಟ ಆಡಿದ್ಯಂತೆ. ಈಗ ಆಯಪ್ಪನ್ನ ಆಡು."

ನಾನು ಹಟಕ್ಕೆ ಬಿದ್ದವನಂತೆ ಹಳೆಯ ತಪ್ಪನ್ನೇ ಮಾಡಿದೆ. ಯಜಮಾನರಂತೆ ಗಂಟಲು ಸರಿಮಾಡಿಕೊಂಡು, "ಒಂದಾದ್ರೆ ನಮ್ಮೋರೇ ಮಂತ್ರಿ, ನಮ್ಮೋರೇ ಅಮಲ್ದಾರ್ರು!" ಎಂದೆ.

"ಬಾಯ್ಮುಚ್ಚು. ಆಯಪ್ಪಂಗೆ ಯಾವ ಮಂತ್ರಿಗಿರಿ ಬೇಕಾಗದೆ? ಆಯಪ್ಪನ ಹೆಂಡ್ತಿ ಐತಲ್ಲ, ಆಯಮ್ಮನ ತವರು ಸೊಲ್ಲಾಪುರ ಕಣ್ಲಾ. ಮನೇಲಿ ಕನ್ನಡ, ಸ್ಕೂಲಲ್ಲಿ ಮರಾಠಿ. ಒಡಹುಟ್ಟಿದ ತಮ್ಮ ಅಕ್ಕಂಗೆ ಕಾಗದ ಬರೆದ್ರೆ ಮರಾಠಿಯಾಗೇ ಬರೀತಾನೆ, ಕನ್ನಡ ಬರೆಯಾಕೆ ಬರಾಕಿಲ್ಲ ಅವನಿಗೆ. ಈಯಪ್ಪ ಪೇಟೇಲಿ ಮರಾಠಿ ಬಲ್ಲ ದರ್ಜಿ ತಾವ ಓದಿಸ್ಕೊಂಡು ಬಂದು, ಹೆಂಡ್ತಿ ಮುಂದೆ ಬಾಯಲ್ಲಿ ಹೇಳ್ತಾನೆ. ಅದಕ್ಕೆ ಹಂಗೆ ಒದ್ದಾಡ್ತಾನೆ." ಟವಲು ಕೊಡವಿದರು. "ಹೇಳು, ಹಂಗೆ ಹೇಳು."

ಗಾರೆಯವನು ಬೆಳಗ್ಗೆ ಬಂದು ಜಗಲಿಗೆ ಅಡ್ಡಲಾಗಿ ನೂಲು ಹಿಡಿದ. ಆ ಪಕ್ಕ ಯಜಮಾನರು, ಈ ಪಕ್ಕದ ಬಾಗಿಲಲ್ಲಿ ಗೌಡರು. ನಾನು ಹೋಗಿ ನೂಲಿನ ಮೇಲೆಯೇ ಕೂತೆ.

"ಏಳಯ್ಯ ಮೇಲೆ," ಎಂದ ಗಾರೆಯವನು.

ಏಳದೆ, ಯಜಮಾನರು ತಿದ್ದಿಕೊಟ್ಟ ಗೌಡರನ್ನು ಗೌಡರ ಮುಂದೆಯೇ ಆಡಿದೆ. ಹುಡುಗರ ಮಾತಿಗೆ ದನಿ ಇಳಿಸಿದೆ. ಗೌಡರ ಮುಖ ಕಳೆಗುಂದಿತು.

"ಇದನ್ನ ಯಾರು ಹೇಳ್ಕೊಟ್ರು ನಿಂಗೆ?"

"ನನಗೆಲ್ಲಿ ಬರುತ್ತೆ ಗೌಡ್ರೇ, ನಪಾಸಾದವನಿಗೆ. ಬಲ್ಲೋರು ತಿದ್ದಿದ್ರು." ಆಮೇಲೆ ಇತ್ತ ತಿರುಗಿ, ಸೊಲ್ಲಾಪುರದ ಕಾಗದವನ್ನು ಹೆಂಡತಿಗೆ ಓದಿ ಹೇಳುವ ಯಜಮಾನರನ್ನು ಆಡತೊಡಗಿದೆ. ಮುಗಿಸಲು ಆಗಲಿಲ್ಲ. ಯಜಮಾನರು ಕೈ ಎತ್ತಿ ತಡೆದರು. ಅವರ ಕಣ್ಣು ನನ್ನನ್ನು ದಾಟಿ ಹೋಗಿತ್ತು.

"ಮರಾಠಿ ದರ್ಜಿ ವಿಷಯ ನಿಮಗೆ ಹೆಂಗೆ ಗೊತ್ತು, ಗೌಡ್ರೇ?"

"ನೀವೇ ಹೇಳಿದ್ರಿ. ಯಾವಾಗಲೋ."

ಗಾರೆಯವನು ಕರಣೆ ಹಿಡಿದು ಒಬ್ಬರಾದ ಮೇಲೊಬ್ಬರನ್ನು ನೋಡುತ್ತಿದ್ದ. "ಕಲಸಿದ ಸುಣ್ಣ ಗಟ್ಟಿಯಾಗ್ತದೆ ಸ್ವಾಮಿ, ಕಟ್ಲೋ ಬೇಡ್ವೋ?"

"ಗೌಡ್ರ ಬಚ್ಚಲ ಒಲೆ ಕುಸಿದಿದ್ಯಂತೆ," ಎಂದರು ಯಜಮಾನರು. "ಅದನ್ನ ಕಟ್ಟು, ಹೋಗು."

ಅದಾದ ಮೇಲೆ ಇಬ್ಬರೂ ರಾಜಿಯಾದರೆಂದು ತಿಳಿಯಬೇಡಿ. ಯಜಮಾನರು ಏಕೀಕರಣ ಬಿಡಲಿಲ್ಲ, ಗೌಡರು ಮೈಸೂರು ಬಿಡಲಿಲ್ಲ. ಆದರೆ ಜಗಲಿಗೊಂದು ಪದ್ಧತಿ ಬಂತು: ವಾದಕ್ಕೆ ಇಳಿಯುವವನು ಮೊದಲು ಎದುರಿನವನ ಮಾತನ್ನು, ಆತ 'ಹ್ಞೂಂ, ಅದೇ' ಎಂದು ತಲೆಯಾಡಿಸುವಂತೆ ಹೇಳಬೇಕು. ಆಮೇಲೆ ಎಷ್ಟು ಬೇಕಾದರೂ ಬೈಯಬಹುದು. ಹೀಗೆ ಹಿರಿಯರಿಬ್ಬರೂ ನನ್ನ ಕಸುಬನ್ನೇ ಕಿತ್ತುಕೊಂಡು, ನನಗಿಂತ ಚೆನ್ನಾಗಿ ಆಡತೊಡಗಿದರು. ನಾನು ವಿಧಿಯಿಲ್ಲದೆ ಓದಿ ಪಾಸಾದೆ.

ಕೊನೆಗೆ ರಾಜ್ಯ ಒಂದಾಯಿತು, ಹೆಸರು ಮೈಸೂರು ಎಂದೇ ಉಳಿಯಿತು. ಆ ಸಂಜೆ ಬೀದಿಯಲ್ಲಿ ಸಕ್ಕರೆ ಹಂಚಿದರು. ಗೆದ್ದ ಯಜಮಾನರು ಮಾತ್ರ ಸಕ್ಕರೆ ಮುಟ್ಟದೆ ಜಗಲಿಯ ಮೇಲೆ ಕೂತಿದ್ದರು. ಗೌಡರು ಪತ್ರಿಕೆಯ ನಕ್ಷೆಯ ಮೇಲೆ ಬೆರಳಾಡಿಸಿ, ಮತ್ತೊಮ್ಮೆ ಆಡಿಸಿ, ಕನ್ನಡಕ ತೆಗೆದರು.

"ಸೊಲ್ಲಾಪುರ ಎಲ್ಲಿ?"

"ಬಂದಿಲ್ಲ," ಎಂದರು ಯಜಮಾನರು.

"ಬಂದಿಲ್ಲ ಅಂದ್ರೆ? ಎಲ್ಲಾರ್ನೂ ಸೇರಿಸ್ತೀವಿ ಅಂತ ನಮ್ಮ ಬಾಯಿ ಮುಚ್ಚಿಸಿ, ಆಯಮ್ಮನ ತವರನ್ನೇ ಬಿಟ್ಟವ್ರಾ? ಇವರ ಮನೆ ಹಾಳಾಗ! ಇದ್ಯಾವ ಸೀಮೆ ಒಂದಾಗೋದ್ರೀ?" ಗೌಡರ ಕೂಗಿಗೆ ಎದುರುಮನೆಯಿಂದ ನಮ್ಮಪ್ಪ ಹೊರಗೆ ಬಂದರು. ಯಜಮಾನರೂ ದನಿಗೂಡಿಸಿದರು. ಮೊದಲ ಬಾರಿಗೆ ಇಬ್ಬರೂ ಒಂದೇ ಕಡೆ ನಿಂತು ಕೂಗುತ್ತಿದ್ದರು.

ಒಳಗಿನಿಂದ ಯಜಮಾನರ ಹೆಂಡತಿ ಬಾಗಿಲಿಗೆ ಬಂದು, ಸೆರಗಿನಿಂದ ಕಣ್ಣೊರೆಸಿಕೊಂಡು, ಸೊಂಟದ ಮೇಲೆ ಕೈಯಿಟ್ಟರು. "ತವರು ನಂದರೀ, ಒದರೋರು ನೀವು! ಸ್ವಲ್ಪ ಸುಮ್ಮ ಕೂಡ್ರಿ, ನಾನೂ ಒಂದೀಟು ಅಳ್ತೀನಿ."

ಇಬ್ಬರೂ ತೆಪ್ಪಗೆ ಸರಿದು ಆಕೆಗೆ ಜಗಲಿಯ ಮೇಲೆ ಜಾಗ ಮಾಡಿಕೊಟ್ಟರು.