ಫೋರ್‌ಮನ್ ಬಾಗಿಲಲ್ಲಿ ಕೇಳಿದ್ದು

ಲೇತ್ ಯಂತ್ರಗಳ ಸದ್ದಿನಲ್ಲೇ ತಲೆ ನರೆತ ಫೋರ್‌ಮನ್‌ಗೆ ಮನೆಯಲ್ಲೂ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ನೀರು ಕೊಡು ಅಂದರೂ ಜಗಳಕ್ಕೆ ಬಂದ ಹಾಗಿರುತ್ತಿತ್ತು. ಪ್ರತಿ ಮಾತಿನ ಕೊನೆಗೂ "ತಲೆಗೆ ಹೋಯ್ತಾ?" ಎಂದು ಸೇರಿಸುವುದು ಅವನ ರೂಢಿ.

ಕಾಲೇಜಿಗೆ ಹೋಗುವ ಮಗಳಿಗೆ ಹೊಸ ಆಟದ ಹುಚ್ಚು ಹತ್ತಿತ್ತು. ಭಾನುವಾರ ಗೆಳತಿಯ ಮನೆಯಲ್ಲಿ ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕತೆ ಕಟ್ಟುತ್ತಿದ್ದರು.

"ಬೆಳೆದ ಹುಡುಗಿ, ರಾಕ್ಷಸ ಮಂತ್ರವಾದಿ ಅಂತ ಆಡ್ಕೊಂಡು ಕೂತ್ರೆ ಹೇಗೆ? ನೀವಾದ್ರೂ ಹೇಳಬಾರದಾ?" ಎಂದು ಹೆಂಡತಿ ದುಂಬಾಲು ಬಿದ್ದಿದ್ದಳು.

"ಕೆಟ್ಟ ಚಟ ಅಲ್ಲವಲ್ಲ, ಆಡ್ಲಿ ಬಿಡು. ತಲೆಗೆ ಹೋಯ್ತಾ?" ಮಗಳ ಪರ ವಹಿಸುವುದೂ ಅವನಿಗೆ ಗದರಿಯೇ ಗೊತ್ತು.

ಒಂದು ಭಾನುವಾರ ಸಂಜೆ ಮಳೆ ಹಿಡಿಯಿತೆಂದು ಕೊಡೆ ತೆಗೆದುಕೊಂಡು ಅವಳನ್ನು ಕರೆತರಲು ಹೋದ. ಗೆಳತಿಯ ಮನೆ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮಗಳು ಎದೆಯುಬ್ಬಿಸಿ ನಿಂತು ರಾಕ್ಷಸನಾಗಿದ್ದಳು.

"ನನ್ನ ಗುಹೆಯಲ್ಲಿ ಯಾರೂ ಉಸಿರೆತ್ತಬಾರದು! ತಲೆಗೆ ಹೋಯ್ತಾ?"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಥೇಟ್ ನಿಮ್ಮಪ್ಪ ಕಣೇ!" ಎಂದಳು ಗೆಳತಿ.

ಮಗಳೂ ನಗುತ್ತ ತಿರುಗಿದಳು. ಬಾಗಿಲಲ್ಲಿ ಅಪ್ಪ ನಿಂತಿದ್ದ.

"ಆಟ ಮುಗಿಸ್ಕೊಂಡೇ ಬಾಮ್ಮ" ಎಂದು ಕೊಡೆಯನ್ನು ಗೋಡೆಗೆ ಒರಗಿಸಿ, ನೆನೆಯುತ್ತಲೇ ಮನೆಗೆ ನಡೆದ. ಅಪ್ಪನ ಅಷ್ಟು ಮೆಲ್ಲಗಿನ ದನಿಯನ್ನು ಅವಳು ಕೇಳಿದ್ದು ಅದೇ ಮೊದಲು.

ಆಮೇಲೆ ಅವಳು ಆಟಕ್ಕೆ ಹೋಗಲಿಲ್ಲ. ಹೋಗಮ್ಮ ಎನ್ನಲು ಅವನು ಎಷ್ಟೋ ಸಲ ಬಾಯಿ ತೆರೆದ. ತನ್ನ ದನಿಗೆ ತಾನೇ ಹೆದರಿ ಸುಮ್ಮನಾದ.

"ಅಂತೂ ಅವಳಿಗೆ ಬುದ್ಧಿ ಬಂತು, ನೀವೂ ಕೂಗಾಡೋದು ಬಿಟ್ರಿ. ಈಗ ಮನೆ ಮನೆ ಥರ ಇದೆ" ಎಂದು ಹೆಂಡತಿ ಹಿಗ್ಗಿದಳು.